ಚಿತ್ರಶಾಲೆಯಲ್ಲಿ ಸಾಹಿತಿಗಳು

ಈಚೆಗೆ ಬೆಂಗಳೂರಿನ ಚಿತ್ರಶಾಲೆಯೊಂದರಲ್ಲಿ ಊರಿನ ಚಿತ್ರಕಾರರನ್ನೂ ಶಿಲ್ಪಿಗಳನ್ನೂ ರಸಿಕರಿಗೆ ಪರಿಚಯಿಸುವ ಸಂಜೆ ಏರ್ಪಾಟಾಗಿತ್ತು. ಮಾತನಾಡಿದವರೆಲ್ಲ ಸಾಹಿತ್ಯದ ಜನ. ಕಲಾವಿದರು ಗೋಡೆಗೊರಗಿ ಕೇಳುತ್ತಿದ್ದರು. ‘ಭಾವಪೂರ್ಣ’, ‘ಕಾವ್ಯಮಯ’ ಎಂಬ ವಿಶೇಷಣಗಳು ಧಾರಾಳವಾಗಿ ಬಂದವು. ಭಾವಗೀತೆಯ ವಿಮರ್ಶೆಯಿಂದ ಕಡ ತಂದ ಮಾತುಗಳು. ಗೆರೆಯ ಸುದ್ದಿಯನ್ನಾಗಲಿ ಬಣ್ಣದ ಸುದ್ದಿಯನ್ನಾಗಲಿ ಯಾರೂ ಎತ್ತಲಿಲ್ಲ.

ಭಾಷಣಗಳು ಮುಗಿದ ಮೇಲೆ ಹಿರಿಯ ಶಿಲ್ಪಿಯೊಬ್ಬರನ್ನು ಬಳಪದ ಕಲ್ಲಿನ ವಿಷಯ ಕೇಳಿದೆ. “ನೆಲದಿಂದ ತೆಗೆದ ಹೊಸದರಲ್ಲಿ ಉಳಿಗೆ ಮೆತ್ತಗೆ ಒದಗುತ್ತದೆ ಸ್ವಾಮಿ, ಗಾಳಿಗೆ ಬಿದ್ದಂತೆ ಗಡುಸಾಗುತ್ತದೆ. ಗ್ರಾನೈಟಿನ ಹತ್ತಿರ ಆ ಸಲಿಗೆ ನಡೆಯದು” ಎಂದರು. ಬೇಲೂರು, ಹಳೇಬೀಡುಗಳ ಕುಸುರಿಯನ್ನು ಹೊಗಳಿ ಕನ್ನಡದಲ್ಲಿ ಪುಟಗಟ್ಟಲೆ ಬರೆದಿದ್ದಾರೆ. ಆ ಕುಸುರಿಗೆ ಎಡೆಮಾಡಿದ್ದು ಕಲ್ಲಿನ ಗುಣವೂ ಹೌದೆಂದು ನೆನೆದವರು ಎಷ್ಟು ಮಂದಿ?

ಕೆ. ವೆಂಕಟಪ್ಪನವರ (1886–1965) ವಿಷಯದಲ್ಲೂ ಇದೇ ಕಥೆ. ಅವರ ಬ್ರಹ್ಮಚರ್ಯ, ವೀಣೆಯ ಹುಚ್ಚು, ಹಟ ಎಲ್ಲರ ಬಾಯಲ್ಲೂ ಇವೆ. ಅವರ ಪ್ಲಾಸ್ಟರಿನ ಉಬ್ಬುಶಿಲ್ಪದ ಮುಂದೆ ನಿಂತು ನೋಡಿ: ಹಿನ್ನೆಲೆಯಿಂದ ತುಸುವೇ ಮೇಲೆದ್ದ ಆಕೃತಿಗೆ ಮೈಯ ದುಂಡನ್ನು ಕೊಡುವುದು ಪಕ್ಕದಿಂದ ಬೀಳುವ ಬೆಳಕು. ದೀಪವನ್ನು ನೇರ ಎದುರಿಗಿಟ್ಟರೆ ಅರ್ಧ ಶಿಲ್ಪವೇ ಮಾಯ. ಅವರ ಉದಕಮಂಡಲದ ಜಲವರ್ಣಗಳಲ್ಲಿ ಮಂಜು ಕವಿಯುವ ಬಗೆಯೂ ಹೀಗೆಯೇ, ಕೈಯ ಹದಕ್ಕೆ ಸೇರಿದ್ದು. ಇದನ್ನು ಹೇಳಲು ಕನ್ನಡದಲ್ಲಿ ಮಾತಿಲ್ಲವೆನ್ನುವುದು ಸೋಮಾರಿತನ. ಮಾತು ಇದೆ, ಅದು ಶಿಲ್ಪಿಗಳ ಬಾಯಲ್ಲಿದೆ.

ಮುಂದಿನ ಸಲ ವ್ಯವಸ್ಥಾಪಕರು ಶಿಲ್ಪಿಯ ಕೈಗೆ ಒಂದು ಉಳಿ, ಒಂದು ತುಂಡು ಕಲ್ಲು ಕೊಟ್ಟು ಅರ್ಧ ಗಂಟೆ ಬಿಟ್ಟುಬಿಡಲಿ. ಅಧ್ಯಕ್ಷ ಭಾಷಣ ಅಷ್ಟು ಹೊತ್ತು ಕಾಯಬಹುದು.