ಮರಳಿ ಕೊಟ್ಟ ಉಂಗುರ: ‘ಕ್ವೀನ್’ ಚಿತ್ರದ ಕಥಾಸಂವಿಧಾನ

ಪ್ರಣಯ ಹರ್ಷನಾಟಕದ ಕೊನೆಗೆ ಮದುವೆ ನಡೆಯುವುದು ರೂಢಿ. ವಿಕಾಸ್ ಬಹ್ಲ್ ನಿರ್ದೇಶನದ ಹಿಂದಿ ಚಿತ್ರ ‘ಕ್ವೀನ್’ನಲ್ಲಿ (2014) ಅದು ಆರಂಭದಲ್ಲಿಯೇ ಮುರಿದುಬೀಳುತ್ತದೆ. ದೆಹಲಿಯ ರಾಣಿ ಮಧುಚಂದ್ರಕ್ಕೆಂದು ಗೊತ್ತುಮಾಡಿದ್ದ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್‌ಗಳಿಗೆ ಒಬ್ಬಳೇ ಹೊರಡುತ್ತಾಳೆ.

ಈ ಸಂವಿಧಾನದ ವಿಶೇಷ ತಿಳಿಯಬೇಕಾದರೆ ಕಾಳಿದಾಸನ ‘ಅಭಿಜ್ಞಾನಶಾಕುಂತಲ’ವನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. ಅಲ್ಲಿ ನಿರಾಕೃತಳಾದ ನಾಯಕಿಯನ್ನು ದುಷ್ಯಂತನ ನೆನಪಿಗೆ ತರುವುದು ಉಂಗುರ. ಆ ನೆನಪೇ ಪುನರ್ಮಿಲನದ ದಾರಿ. ಇಲ್ಲಿ ಅಭಿಜ್ಞಾನದ ಕೆಲಸ ಮಾಡುವುದು ಗೆಳತಿಗೆ ಕಳುಹಿಸಹೋಗಿ ಕೈತಪ್ಪಿ ವರನಿಗೆ ತಲುಪಿದ ಛಾಯಾಚಿತ್ರ. ಹೊಸ ಉಡುಪಿನ ರಾಣಿಯನ್ನು ಕಂಡ ವಿಜಯ್ ಅವಳನ್ನು ಹುಡುಕಿಕೊಂಡು ಬರುತ್ತಾನೆ. ಆದರೆ ಅವನ ಮನಃಪರಿವರ್ತನೆ ಕಥೆಯ ನಿರ್ವಹಣವಾಗುವುದಿಲ್ಲ.

ಏಕೆಂದರೆ ಅಷ್ಟರಲ್ಲಿ ಆಮ್‌ಸ್ಟರ್‌ಡ್ಯಾಮಿನ ಕೊಠಡಿಯಲ್ಲಿ, ಯಾರಿಗೂ ತಾಯ್ನುಡಿಯಲ್ಲದ ಹರಕು ಇಂಗ್ಲಿಷಿನಲ್ಲಿ, ಅವಳಿಗೆ ಮೂವರು ಸಂಗಾತಿಗಳು ದೊರೆತಿದ್ದಾರೆ. ತಪ್ಪು ಹುಡುಕುವವನ ಎದುರು ಕುಗ್ಗಿದ್ದ ದನಿ ಅಲ್ಲಿ ತೆರೆದುಕೊಂಡಿದೆ. ಆ ಸಂಗಾತಿಗಳ ಬದುಕನ್ನು ಚಿತ್ರ ರಾಣಿಯ ಶಿಕ್ಷಣಕ್ಕೆ ಬೇಕಾದಷ್ಟೇ ಬಳಸಿಕೊಳ್ಳುತ್ತದೆಂಬುದು ಅದರ ಕೊರತೆ.

ಆದರೂ ಅಂತ್ಯ ದೃಢವಾಗಿದೆ. ದೆಹಲಿಗೆ ಮರಳಿದ ರಾಣಿ ಉಂಗುರವನ್ನು ವಿಜಯನಿಗೆ ಒಪ್ಪಿಸಿ, ಕೃತಜ್ಞತೆ ಹೇಳಿ, ನಗುತ್ತ ನಡೆಯುತ್ತಾಳೆ. ಶಾಕುಂತಲದಲ್ಲಿ ಸುಖಾಂತಕ್ಕೆ ರಾಜನ ನೆನಪು ಬೇಕಾಗಿತ್ತು. ಇಲ್ಲಿ ಹೆಣ್ಣು ತನ್ನನ್ನು ತಾನು ಗುರುತಿಸಿಕೊಂಡದ್ದೇ ಸಾಕಾಗುತ್ತದೆ.