ಆರ್‌ಎಕ್ಸ್-7ರ ಬಾನೆಟ್ಟಿನೊಳಗೆ ವಿ8

ಮಜ್ದಾ ಆರ್‌ಎಕ್ಸ್-7ರ ಮೂರನೇ ತಲೆಮಾರು, ಅಂದರೆ ಅಭಿಮಾನಿಗಳ ಎಫ್‌ಡಿ, ಅಮೆರಿಕದಲ್ಲಿ ಬಿಕರಿಯಾದದ್ದು 1993ರಿಂದ 1995ರ ಮಾಡೆಲ್‌ಗಳಲ್ಲಿ ಮಾತ್ರ. ಅದರ ಅವಳಿ ಟರ್ಬೊ ರೋಟರಿ ಎಂಜಿನ್ 1.3 ಲೀಟರಿನಲ್ಲೇ 255 ಅಶ್ವಶಕ್ತಿ ಕೊಡುತ್ತಿತ್ತು. ಬಿಸಿ ತಾಳಲಾರದೆ ಕೈಕೊಡುವುದಕ್ಕೂ ಅಷ್ಟೇ ಹೆಸರುವಾಸಿ. ಹಾಗೆ ಕೈಕೊಟ್ಟ ಕಾರಿಗೆ ಯಾವ ಎಂಜಿನ್ ಕೂರಿಸಬೇಕೆಂಬ ಚರ್ಚೆ ಬೇರೆಡೆ ಅಶ್ವಶಕ್ತಿ ಮತ್ತು ಜೇಬಿನ ಲೆಕ್ಕದಲ್ಲಿ ಮುಗಿದುಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಮುಗಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಸ್ಮಾಗ್ ಚೆಕ್ ಎಂಬ ಹೊಗೆ ತಪಾಸಣೆ ಬೇ ಏರಿಯಾದ ಕನ್ನಡಿಗರಿಗೆ ಗೊತ್ತೇ ಇದೆ. ಎಂಜಿನ್ ಬದಲಿಸಿದ ಕಾರು ರೆಫರಿ ಎಂಬ ಅಧಿಕೃತ ಪರೀಕ್ಷಕರ ಮುಂದೆಯೂ ನಿಲ್ಲಬೇಕು. ಕೂರಿಸಿದ ಎಂಜಿನ್ ಕಾರಿನ ವರ್ಷದ್ದೋ ಅದಕ್ಕಿಂತ ಈಚಿನದೋ ಆಗಿರಬೇಕು, ಹೊಗೆ ಹತೋಟಿಯ ಒಂದೊಂದು ಭಾಗವೂ ಅದರ ಜೊತೆಗೇ ಬಂದಿರಬೇಕು. ಭಾರೀ ಟ್ರಕ್ಕಿನ ಎಂಜಿನ್ನಂತೂ ಕೂಡದು.

ಹೀಗಿರುವಾಗ ಗುಜರಿಯಲ್ಲಿ ಬಿಡಿ ಎಂಜಿನ್ ಹುಡುಕುವುದೇ ತಪ್ಪು ದಾರಿ ಎಂಬುದು ನನ್ನ ವಾದ. ಗುದ್ದಿಸಿಕೊಂಡು ನಜ್ಜುಗುಜ್ಜಾಗಿದ್ದರೂ ಎಂಜಿನ್ ಗಟ್ಟಿಯಾಗಿರುವ ಇಡೀ ಕಾರನ್ನೇ ಕೊಳ್ಳಬೇಕು. ಎಫ್‌ಡಿಗೆ ನನ್ನ ಆಯ್ಕೆ 1998ರಿಂದ 2002ರ ನಡುವಿನ, ಕ್ಯಾಲಿಫೋರ್ನಿಯಾದಲ್ಲೇ ಮಾರಿದ ಶೆವರ್ಲೆ ಕಮಾರೊದ 5.7 ಲೀಟರ್ ಎಲ್‌ಎಸ್1 ವಿ8. ಅಲ್ಯುಮಿನಿಯಂ ಬ್ಲಾಕ್ ಆದ್ದರಿಂದ ಮೂತಿ ಭಾರವಾಗುವ ಭಯ ಕಡಿಮೆ. ಕಂಪ್ಯೂಟರು, ವೈರಿಂಗ್, ಆಕ್ಸಿಜನ್ ಸೆನ್ಸರುಗಳು, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ ಎಲ್ಲವೂ ಒಂದೇ ಕಾರಿನಿಂದ ಬರುತ್ತವೆ. ಕಷ್ಟವಿರುವುದು ಹೊಗೆ ಶುದ್ಧಮಾಡುವ ಕೆಟಲಿಟಿಕ್ ಕನ್ವರ್ಟರ್ ಕೂರಿಸುವುದರಲ್ಲಿ. ರೋಟರಿಯ ಹೊಗೆ ಒಂದೇ ಬದಿಯಿಂದ ಹೊರಬೀಳುತ್ತದೆ, ವಿ8ನದು ಎರಡೂ ಬದಿಯಿಂದ. ಎಡಬದಿಯ ಕೊಳವೆ ಸ್ಟೀರಿಂಗ್ ಶಾಫ್ಟಿನ ಪಕ್ಕದಲ್ಲೇ ನುಸುಳಬೇಕು. ಜಾಗವಿಲ್ಲವೆಂದು ಕನ್ವರ್ಟರನ್ನು ಹಿಂದಕ್ಕೆ ತಳ್ಳಿದರೆ ಅದು ಕಾಯುವುದು ತಡವಾಗುತ್ತದೆ. ಕಾಯುವವರೆಗೆ ಅದು ಕೆಲಸ ಮಾಡುವುದಿಲ್ಲ.

ಕೊಳವೆಯ ತುದಿಯಲ್ಲಿ ಹೊಗೆ ಶುದ್ಧವಿದ್ದರೆ ಸಾಲದೇ, ಭಾಗಗಳನ್ನು ಎಣಿಸುವ ಹಟವೇಕೆ ಎಂದು ಗ್ಯಾರೇಜಿನವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ತಪಾಸಣೆ ನೋಡುವುದು ಚೆನ್ನಾಗಿ ಕಾದ ಎಂಜಿನ್ನಿನ ಕೆಲವೇ ನಿಮಿಷಗಳನ್ನು. ಸುಡದ ಪೆಟ್ರೋಲಿನ ದೊಡ್ಡ ಪಾಲು ಹೊರಬರುವುದು ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಆದ ಮೊದಲ ಕ್ಷಣಗಳಲ್ಲಿ. ಟ್ಯಾಂಕಿನ ಆವಿಯಂತೂ ಕಾರು ನಿಂತಲ್ಲೇ ಸೋರುತ್ತದೆ. ಎಂಜಿನ್ ಬದಲಿಸುವವರು ಮೊದಲು ಕಿತ್ತೆಸೆಯುವ ಏರ್ ಪಂಪಿನ ಕೆಲಸವೇ ಆ ಮೊದಲ ಕ್ಷಣಗಳಲ್ಲಿ ಹೊಗೆಗೆ ಗಾಳಿ ತುಂಬಿ ಕನ್ವರ್ಟರನ್ನು ಬೇಗ ಕಾಯಿಸುವುದು. 1.3 ಲೀಟರ್ ತೆಗೆದು 5.7 ಲೀಟರ್ ಹಾಕಿದರೆ ಹೊಗೆ ಹೆಚ್ಚಲೇಬೇಕಲ್ಲ ಎಂಬ ಇನ್ನೊಂದು ಆಕ್ಷೇಪಕ್ಕೆ ಮೇಲ್ನೋಟದ ಬಲವಷ್ಟೇ ಇದೆ. ರೋಟರಿ ತನ್ನ ಸೀಲುಗಳನ್ನು ನುಣುಪಾಗಿಡಲು ಆಯಿಲನ್ನು ಬೇಕೆಂದೇ ಸುಡುತ್ತದೆ. ಅದರ ಉದ್ದನೆಯ, ಚಪ್ಪಟೆ ದಹನ ಕೋಣೆಯ ಮೂಲೆಗಳಲ್ಲಿ ಇಂಧನ ಪೂರ್ತಿ ಉರಿಯುವುದೂ ಇಲ್ಲ. ವಿ8 ಹೆಚ್ಚು ಕುಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚುವುದು ನಿಜ, ಆದರೆ ಸ್ಮಾಗ್ ನಿಯಮದ ಗುರಿ ಅದಲ್ಲ.

ದುಡ್ಡಿದ್ದವರಿಗೆ ಜನರಲ್ ಮೋಟರ್ಸ್‌ನ ಇ-ರಾಡ್ ಎಂಬ ಸಿದ್ಧ ಪೊಟ್ಟಣವಿದೆ: 6.2 ಲೀಟರಿನ ಎಲ್‌ಎಸ್3, ಜೊತೆಗೆ ಕನ್ವರ್ಟರು, ಸೆನ್ಸರು, ಡಬ್ಬಿ, ಹಳೆಯ ಕಾರುಗಳಿಗೆಂದೇ ಪಡೆದ ರಾಜ್ಯದ ಅನುಮತಿ. ತಲೆನೋವು ಕಡಿಮೆ, ಬೆಲೆ ಜಾಸ್ತಿ. ಎಫ್‌ಡಿಯ ಜೀವವೇ ರೋಟರಿ, ಅದನ್ನು ಕಿತ್ತರೆ ಉಳಿಯುವುದೇನು ಎನ್ನುವವರ ಮಾತನ್ನು ಅರ್ಧ ಒಪ್ಪುತ್ತೇನೆ. ಅದಕ್ಕೇ ಕೈ ಹಾಕುವ ಮುನ್ನ ಎರಡೂ ರೋಟರುಗಳ ಮೂರು ಮೂರು ಮುಖಗಳ ಕಂಪ್ರೆಷನ್ ಅಳೆಸಬೇಕು. ಆರೂ ಸರಿಯಿದ್ದರೆ ಕಮಾರೊ ಹುಡುಕುವ ಮಾತೇ ಬೇಡ, ಆ ದುಡ್ಡಿಗೆ ಒಳ್ಳೆಯ ರೇಡಿಯೇಟರ್ ಹಾಕಿಸಿದರಾಯಿತು.