ಮೊಲದ ಬಾಯಲ್ಲಿ ನಮ್ಮ ದೈವಶಾಸ್ತ್ರ: ‘ಸೇವ್ ರಾಲ್ಫ್’ ಕಿರುಚಿತ್ರದ ವಿಮರ್ಶೆ

ಸೌಂದರ್ಯವರ್ಧಕಗಳಿಗಾಗಿ ಪ್ರಾಣಿಗಳ ಮೇಲೆ ನಡೆಸುವ ಪ್ರಯೋಗಗಳನ್ನು ವಿರೋಧಿಸಿ ಹ್ಯೂಮೇನ್ ಸೊಸೈಟಿ ಇಂಟರ್‌ನ್ಯಾಷನಲ್ ಸಂಸ್ಥೆಯು 2021ರಲ್ಲಿ ‘ಸೇವ್ ರಾಲ್ಫ್’ ಎಂಬ ಕಿರುಚಿತ್ರವನ್ನು ಹೊರತಂದಿತು. ಸ್ಪೆನ್ಸರ್ ಸಸ್ಸರ್ ನಿರ್ದೇಶಿಸಿದ, ಸುಮಾರು ನಾಲ್ಕು ನಿಮಿಷಗಳ ಈ ಬೊಂಬೆಚಿತ್ರದಲ್ಲಿ ರಾಲ್ಫ್ ಎಂಬ ಮೊಲಕ್ಕೆ ಟೈಕಾ ವೈಟಿಟಿ ದನಿ ನೀಡಿದ್ದಾರೆ. ಅದೇ ವರ್ಷ ಮೆಕ್ಸಿಕೊ ದೇಶವು ಇಂಥ ಪ್ರಯೋಗಗಳನ್ನು ಶಾಸನದ ಮೂಲಕ ನಿಷೇಧಿಸಿತು. ಅಲ್ಲಿ ನಡೆದ ಪ್ರಚಾರದಲ್ಲಿ ಈ ಚಿತ್ರದ ಪಾಲೂ ಇತ್ತು. ಪ್ರಚಾರಕ್ಕೆಂದೇ ಮಾಡಿದ ಚಿತ್ರವೊಂದನ್ನು ದೈವಶಾಸ್ತ್ರದ ಪತ್ರಿಕೆಯಲ್ಲಿ ವಿಮರ್ಶಿಸಲು ನಮಗೊಂದು ಕಾರಣವಿದೆ: ಈ ಮೊಲವು ಆಡುವ ಮಾತು ನಮ್ಮ ಧರ್ಮೋಪದೇಶದ ತರಗತಿಗಳಿಗೆ ಅಪರಿಚಿತವಾದುದಲ್ಲ.

ಚಿತ್ರವು ಸಾಕ್ಷ್ಯಚಿತ್ರದ ಧಾಟಿಯನ್ನು ಅನುಕರಿಸುತ್ತದೆ. ರಾಲ್ಫ್ ತನ್ನ ಪುಟ್ಟ ಮನೆಯಲ್ಲಿ ಹಲ್ಲುಜ್ಜುತ್ತಾ ತನ್ನ ‘ಉದ್ಯೋಗ’ದ ಕುರಿತು ಮಾತನಾಡುತ್ತಾನೆ. ಅವನ ಒಂದು ಕಣ್ಣು ಕುರುಡಾಗಿದೆ. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು ಎಲ್ಲರೂ ಇದೇ ಕೆಲಸದಲ್ಲಿ ಸತ್ತಿದ್ದಾರೆ. ಆದರೂ ಅವನಲ್ಲಿ ದೂರಿಲ್ಲ. ಮನುಷ್ಯರು ಪ್ರಾಣಿಗಳಿಗಿಂತ ಎಷ್ಟೋ ಶ್ರೇಷ್ಠರು, ಅವರಿಗಾಗಿ ಸಹಿಸುವುದು ನ್ಯಾಯವೇ ಎಂಬುದು ಅವನ ದೃಢವಾದ ನಂಬಿಕೆ.

ಈ ನಂಬಿಕೆಯ ಮೂಲ ಯಾವುದು? ಆದಿಕಾಂಡ 1:28ರಲ್ಲಿ ಮಾನವನಿಗೆ ದತ್ತವಾದ ಅಧಿಕಾರವನ್ನು, 2:15ರಲ್ಲಿ ಅವನಿಗೆ ವಹಿಸಲಾದ ತೋಟದ ಕೃಷಿ ಹಾಗೂ ಕಾವಲಿನಿಂದ ಬೇರ್ಪಡಿಸಿ ಓದಿದರೆ ದೊರೆಯುವ ವ್ಯಾಖ್ಯಾನವೇ ಇದು. ಇಂಥ ಓದು ಸರಿಯಲ್ಲವೆಂದು ಜಗದ್ಗುರು ಫ್ರಾನ್ಸಿಸ್ ತಮ್ಮ ‘ಲೌದಾತೊ ಸೀ’ (2015) ವಿಶ್ವಪತ್ರದಲ್ಲಿ ಸ್ಪಷ್ಟಪಡಿಸಿದ್ದಾರೆ. ಚಿತ್ರವು ವಾದವನ್ನೇ ಹೂಡುವುದಿಲ್ಲ. ಯಜಮಾನನ ವ್ಯಾಖ್ಯಾನವನ್ನು ಬಲಿಪಶುವಿನ ಬಾಯಿಂದ ಹೇಳಿಸುತ್ತದೆ. ಕೇಳುವವನಿಗೆ ಅದು ತಾನಾಗಿಯೇ ಅಸಹ್ಯವೆನಿಸುತ್ತದೆ. ಚಿತ್ರದ ನಿಜವಾದ ಶಕ್ತಿ ಈ ವ್ಯಂಗ್ಯದಲ್ಲಿದೆ.

ಆದರೆ ಚಿತ್ರವು ಹೇಳದೆ ಬಿಟ್ಟ ಸಂಗತಿಯೂ ಒಂದಿದೆ. 1930ರ ದಶಕದಲ್ಲಿ ಅಮೆರಿಕದಲ್ಲಿ ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣದಿಂದ ಮಹಿಳೆಯರ ದೃಷ್ಟಿಗೆ ಹಾನಿಯಾದ ಪ್ರಕರಣಗಳು ನಡೆದವು. 1938ರ ಕಾಯಿದೆಯು ಸೌಂದರ್ಯವರ್ಧಕಗಳನ್ನು ಸರಕಾರದ ಹತೋಟಿಗೆ ತಂದಿತು. 1944ರಲ್ಲಿ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮೊಲದ ಕಣ್ಣಿನ ಪರೀಕ್ಷೆಯನ್ನು ಕ್ರಮಬದ್ಧಗೊಳಿಸಿದರು: ಮೊಲದ ಕಣ್ಣಿಗೆ ವಸ್ತುವನ್ನು ಹಾಕಿ, ಉಂಟಾಗುವ ಉರಿ, ಊತ, ಹುಣ್ಣುಗಳನ್ನು ದಿನಗಟ್ಟಲೆ ಗಮನಿಸಿ ಅಂಕ ನೀಡುವ ವಿಧಾನವದು. ಹೀಗೆ ಈ ಕ್ರೌರ್ಯವು ಬೆಳೆದದ್ದು ಮನುಷ್ಯನ ಕಣ್ಣನ್ನು ಕಾಯಬೇಕೆಂಬ ಕಾಳಜಿಯ ನೆರಳಿನಲ್ಲಿ. ಪ್ರಯೋಗ ನಡೆಸಿದವರೆಲ್ಲರನ್ನೂ ಕಟುಕರೆಂದು ಬಗೆಯುವುದು ಸುಲಭ, ಆದರೆ ಅದು ಸತ್ಯವಲ್ಲ. ಇಂದು ಮಾನವ ಜೀವಕೋಶಗಳಿಂದ ಬೆಳೆಸಿದ ಕಾರ್ನಿಯಾ ಮಾದರಿಗಳು ಲಭ್ಯವಿವೆ. ಐರೋಪ್ಯ ಒಕ್ಕೂಟವು 2013ರಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಮಾರಾಟವನ್ನೂ ನಿಷೇಧಿಸಿತು. ಭಾರತವು 2014ರಲ್ಲಿ ಪ್ರಯೋಗವನ್ನೂ ಅಂಥ ವಸ್ತುಗಳ ಆಮದನ್ನೂ ನಿಷೇಧಿಸಿತು. ಅನಿವಾರ್ಯತೆಯ ನೆಪವು ಕಳಚಿಬಿದ್ದ ಮೇಲೂ ಪ್ರಯೋಗವು ಮುಂದುವರಿದರೆ ಅದಕ್ಕೆ ಉಳಿಯುವ ಸಮರ್ಥನೆ ಅಭ್ಯಾಸ ಮತ್ತು ಲಾಭ ಮಾತ್ರ.

ಇಲ್ಲಿ ಧರ್ಮಸಭೆಯ ಬೋಧನೆ ಅಸ್ಪಷ್ಟವಾಗಿಲ್ಲ. ಕಥೋಲಿಕ ಧರ್ಮೋಪದೇಶ ಗ್ರಂಥದ 2417ನೆಯ ವಿಧಿಯು ಮನುಷ್ಯರ ಆರೈಕೆಗೆ ಅಥವಾ ಜೀವರಕ್ಷಣೆಗೆ ನೆರವಾಗುವ ಪ್ರಯೋಗಗಳಿಗೆ, ಯುಕ್ತವಾದ ಮಿತಿಯೊಳಗೆ, ಅವಕಾಶ ನೀಡುತ್ತದೆ. ತುಟಿಯ ಬಣ್ಣವು ಈ ಅವಕಾಶದೊಳಗೆ ಬರಲಾರದು. ಅಗತ್ಯವಿಲ್ಲದೆ ಪ್ರಾಣಿಗಳನ್ನು ನೋಯಿಸುವುದು ಮಾನವ ಘನತೆಗೇ ವಿರುದ್ಧವೆಂದು 2418ನೆಯ ವಿಧಿ ಸಾರುತ್ತದೆ. ಪ್ರಾಣಿಹಿಂಸೆಯು ಮನುಷ್ಯನನ್ನು ಮನುಷ್ಯರ ಮೇಲಿನ ಕ್ರೌರ್ಯಕ್ಕೂ ಒಗ್ಗಿಸುತ್ತದೆಂಬ ಸಂತ ತೋಮಸ್ ಅಕ್ವಿನಾಸರ ವಾದವು ಇದರ ಹಿಂದೆ ಕೇಳಿಸುತ್ತದೆ. ಆದರೆ ಈ ವಿಧಿಗಳು ಬರುವ ಸ್ಥಳವನ್ನೂ ನಾವು ಗಮನಿಸಬೇಕು. ಇವು ಬರುವುದು ಕದಿಯಬಾರದೆಂಬ ಏಳನೆಯ ಆಜ್ಞೆಯ ಅಡಿಯಲ್ಲಿ. ಸೃಷ್ಟಿಯು ದೇವರ ಸೊತ್ತು. ಅನಗತ್ಯವಾಗಿ ಅದನ್ನು ನೋಯಿಸುವವನು ತನ್ನದಲ್ಲದುದಕ್ಕೆ ಕೈಹಾಕಿದ್ದಾನೆ. ಮೊಲದ ನೋವು ಕೇವಲ ನಮ್ಮ ಶೀಲದ ಪ್ರಶ್ನೆಯಾಗಿ ಉಳಿಯದೆ ಸೃಷ್ಟಿಕರ್ತನ ಹಕ್ಕಿನ ಪ್ರಶ್ನೆಯಾಗುವುದು ಇಲ್ಲಿಯೇ.

ಚಿತ್ರದ ಮೇಲಿನ ನಮ್ಮ ಮುಖ್ಯ ಆಕ್ಷೇಪವನ್ನು ಸಂಖ್ಯಾಕಾಂಡದ 22ನೆಯ ಅಧ್ಯಾಯದ ಬೆಳಕಿನಲ್ಲಿ ಹೇಳಬಹುದು. ಬಿಳಾಮನ ಕತ್ತೆಯೂ ಮಾತನಾಡುತ್ತದೆ. ಪ್ರವಾದಿಗೆ ಕಾಣದ ದೂತನು ಅದಕ್ಕೆ ಕಾಣಿಸುತ್ತಾನೆ. ಮೂರು ಬಾರಿ ಏಟು ತಿಂದ ಮೇಲೆ, ಸರ್ವೇಶ್ವರನು ಬಾಯಿ ತೆರೆಯಿಸಿದಾಗ, ಅದು ಕತ್ತೆಯಾಗಿಯೇ ಪ್ರಶ್ನಿಸುತ್ತದೆ. ಅದಕ್ಕೆ ಮನೆ ಬೇಕಿಲ್ಲ, ಉದ್ಯೋಗ ಬೇಕಿಲ್ಲ. ರಾಲ್ಫನಿಗಾದರೋ ನಮ್ಮ ಕನಿಕರ ದೊರೆಯಬೇಕಾದರೆ ಮೊದಲು ಮನುಷ್ಯನಾಗಬೇಕು. ನಮ್ಮ ನುಡಿಯೇ ಇದನ್ನು ಬಯಲುಮಾಡುತ್ತದೆ: ತೆರೆಯ ಮೇಲಿನ ರಾಲ್ಫನನ್ನು ನಾವು ‘ಅವನು’ ಎನ್ನುತ್ತೇವೆ, ಪ್ರಯೋಗಶಾಲೆಯ ಮೊಲವನ್ನು ‘ಅದು’ ಎನ್ನುತ್ತೇವೆ. ‘ಅವನಿ’ಗಾಗಿ ಸುರಿದ ಕಣ್ಣೀರು ‘ಅದ’ನ್ನು ತಲುಪುವುದೇ? ಮುದ್ದಾಗಿ ಕಾಣದ ಇಲಿ, ಹೆಗ್ಗಣಗಳ ಗತಿಯೇನು?

ಈ ಮಿತಿಯ ಅರಿವು ಚಿತ್ರಕ್ಕೂ ಒಮ್ಮೆ ಇಣುಕಿದೆ. ಜನರು ಇಂಥ ವಸ್ತುಗಳನ್ನು ಕೊಳ್ಳದಿದ್ದರೆ ತನಗೆ ಕೆಲಸವಿರುತ್ತಿರಲಿಲ್ಲ ಎನ್ನುವ ರಾಲ್ಫ್, ಆಗ ತಾನು ಬೀದಿಪಾಲಾಗುತ್ತಿದ್ದೆನೆಂದು ಹೇಳಹೊರಟು, ಹೊಲದಲ್ಲಿ ಸಾಮಾನ್ಯ ಮೊಲವಾಗಿ ಇರುತ್ತಿದ್ದೆನೆಂದು ತಿದ್ದಿಕೊಳ್ಳುತ್ತಾನೆ. ಇಡೀ ಚಿತ್ರದಲ್ಲಿ ಅವನು ಮೊಲವಾಗುವುದು ಆ ಒಂದು ಕ್ಷಣ ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ಶ್ರೇಷ್ಠ ಕ್ಷಣವೂ ಅದೇ.

ಗುರುಮಠದ ವಿದ್ಯಾರ್ಥಿಗಳು ಈ ಚಿತ್ರವನ್ನು ನೋಡಲಿ, ಯುವಜನರಿಗೂ ತೋರಿಸಲಿ. ಆದರೆ ಕನಿಕರದಲ್ಲಿ ಚರ್ಚೆ ಮುಗಿಯದಿರಲಿ. ಏಳನೆಯ ಆಜ್ಞೆಯನ್ನು ಬೋಧಿಸುವಾಗ ಸಾಲ, ಲಂಚ, ಕೂಲಿಗಳ ಜೊತೆಗೆ ಈ ನಾಲ್ಕು ವಿಧಿಗಳನ್ನೂ, 2415ರಿಂದ 2418ರವರೆಗೆ, ಓದಿಸಲಿ. ಬಿಳಾಮನ ಕಥೆಯಲ್ಲಿ ದೂತನು ಹೇಳುವ ಮಾತಿನ ತಾತ್ಪರ್ಯವನ್ನು ಆಗ ವಿವರಿಸಬಹುದು: ಕತ್ತೆಯು ಪಕ್ಕಕ್ಕೆ ಸರಿಯದಿದ್ದರೆ ಸಾಯುತ್ತಿದ್ದವನು ಪ್ರವಾದಿ, ಕತ್ತೆಯನ್ನು ದೂತನು ಉಳಿಸುತ್ತಿದ್ದನು.